ಪುಣೆಯ ಇಂಗ್ಲಿಷ್ ಮಾಸ್ತರರ ವಾರ ಮತ್ತು ವಾರಾಂತ್ಯ: ಕೆಲವು ತಪ್ಪು ಕಲ್ಪನೆಗಳು

ಧಾರವಾಡ, ಬೆಳಗಾವಿ, ಬೆಂಗಳೂರು ಕಡೆಯ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿ ಪುಣೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸದ ಬಗ್ಗೆ ಕೇಳುತ್ತಿರುತ್ತಾರೆ. ಅವರ ಪ್ರಶ್ನೆಗಳಲ್ಲಿ ಒಂದು ಚಿತ್ರ ಮೊದಲೇ ಬರೆದಿಟ್ಟಂತೆ ಇರುತ್ತದೆ. ದಿನಕ್ಕೆ ಮೂರ್ನಾಲ್ಕು ಕ್ಲಾಸು, ತಂಪು ಹವೆ, ಎಲ್ಲರಿಗೂ ಹಿಂದಿ ಬರುವ ಊರು, ಶುಕ್ರವಾರ ಸಂಜೆ ಬ್ಯಾಗು ಹೆಗಲಿಗೇರಿಸಿದರೆ ಲೋಣಾವಳಾ ಗಿರಿಧಾಮ. ಅಂತರರಾಷ್ಟ್ರೀಯ ಶಾಲೆಗಳಿಗೆ ದೂರದ ದೇಶಗಳಿಂದ ಬರುವ ಶಿಕ್ಷಕರಲ್ಲೂ ಹಲವರು ಇದೇ ಚಿತ್ರ ಹೊತ್ತು ಬರುತ್ತಾರೆ. ಗಡಿ ದಾಟಿ ಬಂದ ಕನ್ನಡಿಗನಾಗಲಿ, ಸಮುದ್ರ ದಾಟಿ ಬಂದ ವಿದೇಶಿಯಾಗಲಿ, ಈ ಊರಿನಲ್ಲಿ ಇಂಗ್ಲಿಷ್ ಕಲಿಸಲು ಬಂದವರು ಕಲಿಸುವಷ್ಟೇ ಕಲಿಯಬೇಕಾಗುತ್ತದೆ. ಹಾಗೆ ಕಲಿತವರಿಗೆ ಪುಣೆ ಬಹಳ ಕೊಟ್ಟಿದೆ. ಅದಕ್ಕೇ ಆ ಚಿತ್ರವನ್ನು ಒಂದೊಂದಾಗಿ ತಿದ್ದಬೇಕು ಅನ್ನಿಸಿತು.

“ವಿದೇಶಿಯರಾದರೆ ಪುಣೆಯಲ್ಲಿ ಇಂಗ್ಲಿಷ್ ಕೆಲಸ ಸುಲಭವಾಗಿ ಸಿಗುತ್ತದೆ”

ಇದು ಜಪಾನ್, ಕೊರಿಯಾಗಳ ಕಥೆ. ಜಪಾನ್ ಸರ್ಕಾರ 1987ರಲ್ಲಿ ಜೆಟ್ ಎಂಬ ಯೋಜನೆ ತಂದು, ಇಂಗ್ಲಿಷ್ ಮನೆಮಾತಿನ ಯುವಜನರನ್ನು ಶಾಲೆಗಳಿಗೆ ಕರೆಸಿಕೊಳ್ಳತೊಡಗಿತು. ದಕ್ಷಿಣ ಕೊರಿಯಾ 1995ರಲ್ಲಿ ಎಪಿಕ್ ಎಂಬ ಹೆಸರಿನಲ್ಲಿ ಅದೇ ದಾರಿ ಹಿಡಿಯಿತು. ಪದವಿ ಮುಗಿಸಿದ ಹುಡುಗ ಹುಡುಗಿಯರು ಒಂದೆರಡು ವರ್ಷ ಅಲ್ಲಿ ಕಲಿಸಿ, ವಾರಾಂತ್ಯಕ್ಕೆ ಊರೂರು ಸುತ್ತಿ ಹಿಂದಿರುಗುವ ಪದ್ಧತಿ ಬೆಳೆದದ್ದು ಹೀಗೆ. ಭಾರತದಲ್ಲಿ ಆ ಪ್ರಮಾಣದ ಯೋಜನೆ ಇಲ್ಲ, ಇರಬೇಕಾದ ಕಾರಣವೂ ಇಲ್ಲ. ಇಂಗ್ಲಿಷ್ ಕಲಿಸುವವರು ನಮ್ಮಲ್ಲೇ ಲಕ್ಷಗಟ್ಟಲೆ ಇದ್ದಾರೆ.

ವೀಸಾ ನಿಯಮವೂ ಅದನ್ನೇ ಹೇಳುತ್ತದೆ. ಪ್ರವಾಸಿ ವೀಸಾದ ಮೇಲೆ ಬಂದು ಸಂಬಳಕ್ಕೆ ಪಾಠ ಮಾಡುವಂತಿಲ್ಲ. ಉದ್ಯೋಗ ವೀಸಾ ಬೇಕಾದರೆ ಈಚಿನ ವರ್ಷಗಳ ನಿಯಮದಂತೆ ವರ್ಷದ ಸಂಬಳ ಸಾಮಾನ್ಯವಾಗಿ 16.25 ಲಕ್ಷ ರೂಪಾಯಿ ಮೀರಿರಬೇಕು. ಈ ಮಿತಿಯಿಂದ ಕೆಲವರಿಗೆ ವಿನಾಯಿತಿ ಇದೆ. ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಅನುವಾದಕರು, ಭಾಷಾ ಶಿಕ್ಷಕರು ಆ ಪಟ್ಟಿಯಲ್ಲಿದ್ದಾರೆ. ಆದರೆ ಭಾಷಾ ಶಿಕ್ಷಕರು ಎಂಬಲ್ಲಿ ಇಂಗ್ಲಿಷ್ ಕಲಿಸುವವರನ್ನು ಹೆಸರಿಸಿ ಹೊರಗಿಡಲಾಗಿದೆ. ಜರ್ಮನ್ ಅಥವಾ ಜಪಾನಿ ಕಲಿಸಲು ಬರುವವರಿಗೆ ತೆರೆದ ಬಾಗಿಲು ಇಂಗ್ಲಿಷಿನವರಿಗೆ ತೆರೆದಿಲ್ಲ. 180 ದಿನ ಮೀರಿ ಉಳಿಯುವ ವೀಸಾದವರು ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಮಾಡಿಸಬೇಕು. ಮನೆ ಕೊಟ್ಟ ಮಾಲೀಕರೂ ನೋಂದಣಿ ಅಧಿಕಾರಿಗೆ ತಿಳಿಸಬೇಕು.

ಹೀಗಾಗಿ ಇಂಗ್ಲಿಷ್ ಕಲಿಸುವ ವಿದೇಶಿಯರು ಸಿಗುವುದು ಕೆಲವೇ ಅಂತರರಾಷ್ಟ್ರೀಯ ಶಾಲೆಗಳಲ್ಲಿ. ಮುಳಶಿ ಕಣಿವೆಯ ಗುಡ್ಡದ ಮೇಲೆ 1997ರಲ್ಲಿ ಆರಂಭವಾದ ಮಹೀಂದ್ರಾ ಯುನೈಟೆಡ್ ವರ್ಲ್ಡ್ ಕಾಲೇಜು ಅಂಥದ್ದೊಂದು. ಅಲ್ಲಿ ವಿದ್ಯಾರ್ಥಿಗಳೂ ಹತ್ತಾರು ದೇಶಗಳವರು, ಶಿಕ್ಷಕರೂ ಹಾಗೆಯೇ.

“ಕಾಲೇಜಿನಲ್ಲಿ ಇಂಗ್ಲಿಷ್ ಅಂದರೆ ಭದ್ರವಾದ ಕೆಲಸ, ಕೈತುಂಬ ಸಂಬಳ”

ಕರ್ನಾಟಕದ ಅತಿಥಿ ಉಪನ್ಯಾಸಕರ ಪಾಡು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಹಾರಾಷ್ಟ್ರದಲ್ಲಿ ಅದರ ಹೆಸರು ಸಿಎಚ್‌ಬಿ, ಅಂದರೆ ತಾಸಿನ ಲೆಕ್ಕದ ಪಾಠ. ಮಾಡಿದ ತಾಸಿಗೆ ಮಾತ್ರ ಹಣ. ಪರೀಕ್ಷೆಯ ತಿಂಗಳು, ದೀಪಾವಳಿ ರಜೆ, ಬೇಸಿಗೆ ರಜೆ ಬಂದರೆ ಆದಾಯ ನಿಂತುಹೋಗುತ್ತದೆ. ಎಂ.ಎ., ಪಿಎಚ್‌.ಡಿ. ಮುಗಿಸಿದವರು ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸು ಎಂದು ಸ್ಕೂಟರಿನಲ್ಲಿ ಓಡಾಡುವುದನ್ನು ದಿನವೂ ನೋಡುತ್ತೇನೆ. ಇಷ್ಟು ಓದಿದವರನ್ನು ಇಷ್ಟು ಅಗ್ಗವಾಗಿ ದುಡಿಸಿಕೊಳ್ಳುವುದು ಅನ್ಯಾಯ.

ಕನ್ನಡದ ಹುಡುಗರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಪಾಸಾಗಿದ್ದರೆ ಅದು ದೇಶದ ಯಾವ ರಾಜ್ಯದಲ್ಲೂ ನಡೆಯುತ್ತದೆ. ಕರ್ನಾಟಕದ ಕೆ-ಸೆಟ್ ಹಾಗಲ್ಲ. 2002ರ ಜೂನ್ ನಂತರದ ರಾಜ್ಯ ಅರ್ಹತಾ ಪರೀಕ್ಷೆಗಳು ಆಯಾ ರಾಜ್ಯದ ಮಟ್ಟಿಗೆ ಮಾತ್ರ ಸಲ್ಲುತ್ತವೆ. ಪುಣೆಗೆ ಬಂದವರು ಮಹಾರಾಷ್ಟ್ರದ ಸೆಟ್ ಬರೆಯಬೇಕು, ಇಲ್ಲವೇ ನೆಟ್ ಇರಬೇಕು.

ಮನೆಯದ್ದೂ ಒಂದು ಲೆಕ್ಕ. ಇಲ್ಲಿ ಸಾಮಾನ್ಯವಾಗಿ ‘ಲೀವ್ ಅಂಡ್ ಲೈಸೆನ್ಸ್’ ಕರಾರಿನ ಮೇಲೆ, ಹೆಚ್ಚಾಗಿ 11 ತಿಂಗಳಿಗೆ ಮನೆ ಸಿಗುತ್ತದೆ. ಆ ಕರಾರನ್ನು ನೋಂದಾಯಿಸಲೇಬೇಕು ಎಂಬುದು ಈ ರಾಜ್ಯದ ಕಾನೂನು. ಬ್ರೋಕರ್ ಹಣ, ಡಿಪಾಜಿಟ್ಟು ಕೊಟ್ಟ ಮೇಲೆ ಮೊದಲ ತಿಂಗಳ ಕೈ ಬಿಗಿಯಾಗಿರುತ್ತದೆ. ಊಟದ ವಿಷಯದಲ್ಲಿ ಪುಣೆ ಉದಾರಿ. ಒಂಟಿಯಾಗಿರುವವರಿಗೆ ಬಡಾವಣೆಗೊಂದು ಪೋಳಿ-ಭಾಜಿ ಕೇಂದ್ರವಿದೆ. ಬಿಸಿ ಚಪಾತಿ, ಒಂದು ಪಲ್ಯ ಕಟ್ಟಿಸಿಕೊಂಡು ಮನೆಗೆ ಹೋಗಬಹುದು. ಹುಬ್ಬಳ್ಳಿಯ ಖಾನಾವಳಿ ಕಂಡವರಿಗೆ ಇಲ್ಲಿಯ ಮೆಸ್ಸು, ಡಬ್ಬಾ ಹೊಸತೆನಿಸುವುದಿಲ್ಲ.

“ಕಲಿಸಿದವರು ಬ್ರಿಟಿಷರು, ಕಲಿತವರು ನಾವು”

ಈ ಮಾತನ್ನು ವಿದ್ಯಾವಂತರೂ ಆಡುತ್ತಾರೆ. ಪುಣೆಯ ಇತಿಹಾಸ ನೋಡಿದರೆ ಅದು ಅರ್ಧ ಸತ್ಯವೂ ಅಲ್ಲ. 1821ರಲ್ಲಿ ವಿಶ್ರಾಮಬಾಗ್ ವಾಡಾದಲ್ಲಿ ಶುರುವಾದ ಸಂಸ್ಕೃತ ಪಾಠಶಾಲೆಯೇ ಮುಂದೆ ಇಂಗ್ಲಿಷ್ ಶಾಲೆಯೊಂದಿಗೆ ಸೇರಿ ಪೂನಾ ಕಾಲೇಜಾಯಿತು, ಆಮೇಲೆ ಡೆಕ್ಕನ್ ಕಾಲೇಜಾಯಿತು. 1850ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಎಡ್ವಿನ್ ಆರ್ನಲ್ಡ್ ಎಂಬ ತರುಣ ಅದರ ಪ್ರಾಂಶುಪಾಲನಾಗಿ ಬಂದ. ಬಂದವನು ಇಲ್ಲಿ ಸಂಸ್ಕೃತ ಕಲಿತ. ಹಿತೋಪದೇಶವನ್ನು ಇಂಗ್ಲಿಷಿಗೆ ತಂದು 1861ರಲ್ಲಿ ಪ್ರಕಟಿಸಿದ. ಬುದ್ಧನ ಬದುಕನ್ನು ಹೇಳುವ ‘ಲೈಟ್ ಆಫ್ ಏಷ್ಯಾ’ 1879ರಲ್ಲಿ ಬಂದಾಗ ಅದನ್ನು ಬರೆದ ಕೈ ಪುಣೆಯಲ್ಲಿ ಪಳಗಿದ್ದಾಗಿತ್ತು.

1880ರ ಜನವರಿಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ, ಬಾಲ ಗಂಗಾಧರ ತಿಲಕರು ಮತ್ತವರ ಗೆಳೆಯರು ನ್ಯೂ ಇಂಗ್ಲಿಷ್ ಸ್ಕೂಲ್ ತೆರೆದರು. ಇಂಗ್ಲಿಷ್ ವಿದ್ಯೆ ಬೇಕು, ಅದನ್ನು ಸರ್ಕಾರದ ಕೈಯಿಂದಲ್ಲ, ನಮ್ಮ ಕೈಯಿಂದ ಕೊಡುತ್ತೇವೆ ಎಂಬುದು ಅವರ ನಿಲುವು. ಆ ಹಂಬಲವೇ 1884ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿಯಾಗಿ, 1885ರಲ್ಲಿ ಫರ್ಗ್ಯುಸನ್ ಕಾಲೇಜಾಗಿ ಬೆಳೆಯಿತು. ಗೋಪಾಲಕೃಷ್ಣ ಗೋಖಲೆಯವರು ತಿಂಗಳಿಗೆ 75 ರೂಪಾಯಿ ಸಂಬಳಕ್ಕೆ ಇಪ್ಪತ್ತು ವರ್ಷ ಕಲಿಸುವ ಪಣ ತೊಟ್ಟು ಇಲ್ಲಿ ಇಂಗ್ಲಿಷ್ ಪಾಠವನ್ನೂ ಮಾಡಿದರು.

ಆ ಕಾಲೇಜಿಗೂ ಕನ್ನಡಕ್ಕೂ ನಂಟು ಗಟ್ಟಿ. ಬೇಂದ್ರೆ ಅಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದರು. ಸವಣೂರಿನ ವಿನಾಯಕ ಕೃಷ್ಣ ಗೋಕಾಕರು 1931ರಲ್ಲಿ ಅಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. 1936ರಲ್ಲಿ ಅಲ್ಲಿಂದಲೇ ಆಕ್ಸ್‌ಫರ್ಡಿಗೆ ಹೋದರು, 1938ರಲ್ಲಿ ಮರಳಿ ಅದೇ ಸೊಸೈಟಿಯ ಸಾಂಗಲಿ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು. ಆಕ್ಸ್‌ಫರ್ಡಿನ ಹಡಗಿನ ಪಯಣ ಕನ್ನಡಕ್ಕೆ ‘ಸಮುದ್ರಗೀತೆಗಳು’ ಕೊಟ್ಟಿತು. ಕನ್ನಡ ನಾಡಿನ ಹೊರಗೆ ಇಂಗ್ಲಿಷ್ ಕಲಿಸಿ ಕನ್ನಡದಲ್ಲೇ ಬರೆದವರ ಸಾಲು ದೊಡ್ಡದು. ಗುಜರಾತಿನ ಆನಂದದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರನ್ನೂ ಇಲ್ಲಿ ನೆನೆಯಬೇಕು.

ಇವರೆಲ್ಲರಿಗಿಂತ ನನಗೆ ಹೆಚ್ಚು ಆಪ್ತಳಾದವಳು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವಳು, ಕನ್ನಡ ಬಲ್ಲವಳು. 1882ರಲ್ಲಿ ಎಳೆಯ ಮಗುವನ್ನು ಕಟ್ಟಿಕೊಂಡ ವಿಧವೆಯಾಗಿ ಪುಣೆಗೆ ಬಂದಾಗ ಸಂಸ್ಕೃತದಲ್ಲಿ ಆಕೆ ಮಹಾಪಂಡಿತೆ, ಇಂಗ್ಲಿಷಿನಲ್ಲಿ ಅಕ್ಷರ ತಿದ್ದುವ ಹಂತ. ಮಿಸ್ ಹರ್ಫರ್ಡ್ ಎಂಬ ಇಂಗ್ಲಿಷ್ ಶಿಕ್ಷಕಿ ಆಕೆಗೆ ಇಂಗ್ಲಿಷ್ ಹೇಳಿಕೊಟ್ಟಳು. ಮರುವರ್ಷವೇ ರಮಾಬಾಯಿ ಇಂಗ್ಲೆಂಡಿಗೆ ಹೊರಟಳು. ಅಲ್ಲಿ ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಯುತ್ತಲೇ ಸಂಸ್ಕೃತ ಕಲಿಸಿದಳು. ಪರದೇಶದಲ್ಲಿ ಭಾಷೆ ಕಲಿಸುವ ಶಿಕ್ಷಕಿಯ ಬದುಕನ್ನು ಪುಣೆಯಿಂದ ಹೋದ ಮಲೆನಾಡಿನ ಹೆಣ್ಣುಮಗಳು ಅಷ್ಟು ಹಿಂದೆಯೇ ಬಾಳಿ ತೋರಿಸಿದ್ದಳು.

“ಹಿಂದಿ, ಇಂಗ್ಲಿಷ್ ಇದ್ದರೆ ಪುಣೆಯಲ್ಲಿ ಮರಾಠಿ ಬೇಡ”

ಬದುಕಲು ಬೇಡದಿರಬಹುದು. ಕಲಿಸಲು ಬೇಕೇ ಬೇಕು.

ಮಹಾರಾಷ್ಟ್ರ ಸರ್ಕಾರ 2000ದಲ್ಲಿ ಮರಾಠಿ ಶಾಲೆಗಳಿಗೂ ಒಂದನೇ ತರಗತಿಯಿಂದ ಇಂಗ್ಲಿಷ್ ತಂದಿತು. ಪುಣೆಯಲ್ಲಿ ಅದಕ್ಕೂ ಹಿಂದಿನಿಂದ ‘ಸೆಮಿ-ಇಂಗ್ಲಿಷ್’ ಎಂಬ ಪದ್ಧತಿ ಬೇರೂರಿದೆ. ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ. ಕಾಲೇಜಿಗೆ ಬರುವ ಮಕ್ಕಳಲ್ಲಿ ಇಂಥವರ ಪಾಲು ದೊಡ್ಡದು. ಅವರು ಯೋಚಿಸುವುದು ಮರಾಠಿಯಲ್ಲಿ, ತಪ್ಪುವುದೂ ಮರಾಠಿಯ ದಾರಿಯಲ್ಲಿ. ಮರಾಠಿಯಲ್ಲಿ ಎ ಮತ್ತು ಏ ನಡುವಿನ ಹ್ರಸ್ವ-ದೀರ್ಘ ಭೇದ ಅರ್ಥವನ್ನು ಬದಲಿಸುವುದಿಲ್ಲ. ಆದ್ದರಿಂದ ಪೆನ್ನಿಗೂ ನೋವಿಗೂ ಇರುವ ಇಂಗ್ಲಿಷ್ ಪದಗಳ ವ್ಯತ್ಯಾಸ ಮರಾಠಿ ಮಗುವಿನ ಕಿವಿಗೆ ತಡವಾಗಿ ಹೊಳೆಯುತ್ತದೆ. ಕನ್ನಡದ ಮಗುವಿಗೆ ಅದು ಸಲೀಸು, ಏಕೆಂದರೆ ನಮ್ಮಲ್ಲಿ ಎರಡೂ ಸ್ವರ ಬೇರೆ ಬೇರೆ ಇವೆ. ಅತ್ತ ಬ್ಯಾಟಿನ, ಬಾಲಿನ ಸ್ವರಗಳಿಗೆ ಮರಾಠಿಯವರು ತಮ್ಮ ಲಿಪಿಯಲ್ಲಿ ಅರ್ಧಚಂದ್ರದ ಗುರುತು ಮಾಡಿಕೊಂಡಿದ್ದಾರೆ. ಅದನ್ನು ಬೋರ್ಡಿನ ಮೇಲೆ ಬರೆದರೆ ಅರ್ಧ ತಾಸಿನ ವಿವರಣೆ ಉಳಿಯುತ್ತದೆ. ಮಗುವಿನ ಮನೆಮಾತು ತಿಳಿಯದ ಶಿಕ್ಷಕ ತಪ್ಪನ್ನು ಕಾಣಬಲ್ಲ, ಅದರ ಕಾರಣವನ್ನು ಕಾಣಲಾರ.

ಪೋಷಕರ ಸಭೆ ಮರಾಠಿಯಲ್ಲಿ. ಸ್ಟಾಫ್ ರೂಮಿನ ನಗು ಮರಾಠಿಯಲ್ಲಿ. ಸಿಪಾಯಿಯನ್ನು ‘ಮಾಮಾ’ ಎಂದು, ಕಸ ಗುಡಿಸುವ ಹಿರಿಯ ಹೆಂಗಸನ್ನು ‘ಮಾವಶಿ’ ಎಂದು ಕರೆದು ಎರಡು ಮಾತು ಆಡಿದರೆ ಅವರ ಮುಖವೇ ಬದಲಾಗುತ್ತದೆ. ಮಾವಶಿ ಎಂದರೆ ನಮ್ಮ ಉತ್ತರ ಕರ್ನಾಟಕದ ಮೌಶಿಯೇ. 2020ರ ಕಾನೂನಿನ ಪ್ರಕಾರ ಮಹಾರಾಷ್ಟ್ರದ ಎಲ್ಲ ಬೋರ್ಡುಗಳ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಮಕ್ಕಳು ಕಲಿಯುವುದನ್ನು ಶಿಕ್ಷಕರೂ ಕಲಿಯುವುದರಲ್ಲಿ ಭಾರವೇನಿದೆ?

ವಿದೇಶಿಯರಿಗೆ ಇದು ಆಗದ ಮಾತು ಎನ್ನುವವರು ಮ್ಯಾಕ್ಸೀನ್ ಬರ್ನ್‌ಸನ್ ಅವರ ಬದುಕನ್ನು ನೋಡಬೇಕು. ಅಮೆರಿಕದ ಈ ಮಹಿಳೆ 1961ರಲ್ಲಿ ಭಾರತಕ್ಕೆ ಬಂದು ಹೈದರಾಬಾದಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿದರು. ಆಮೇಲೆ ಸಾತಾರಾ ಜಿಲ್ಲೆಯ ಫಲ್ಟಣದ ಮರಾಠಿ ಆಡುನುಡಿಗಳ ಮೇಲೆ ಸಂಶೋಧನೆ ಮಾಡಿ ಆ ಊರಲ್ಲೇ ನೆಲೆಸಿದರು. 1978ರಲ್ಲಿ ಭಾರತದ ಪೌರತ್ವ ಪಡೆದರು. ಪುಣೆಗೆ ಓದಲು ಬರುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ ಮರಾಠಿ ಕಲಿಸಿದರು, ಜಾಯಿ ನಿಂಬಕರ ಅವರ ಜೊತೆ ಸೇರಿ ಮರಾಠಿ ಕಲಿಯುವ ಪಠ್ಯಗಳನ್ನು ಬರೆದರು. ಫಲ್ಟಣದಲ್ಲಿ ಅವರು ಕಟ್ಟಿದ ಪ್ರಗತ ಶಿಕ್ಷಣ ಸಂಸ್ಥೆಯ ಮರಾಠಿ ಶಾಲೆಯಲ್ಲಿ ದಲಿತ ಕೇರಿಯ ಮಕ್ಕಳಿಗೆ ಓದು ಬರಹ ಹತ್ತಿಸುವುದೇ ಅವರ ಮುಖ್ಯ ಕೆಲಸವಾಯಿತು. ಇಂಗ್ಲಿಷ್ ಕಲಿಸಲು ಬಂದ ಒಬ್ಬ ಶಿಕ್ಷಕಿ ಮರಾಠಿ ಮಕ್ಕಳಿಗೆ ಮರಾಠಿ ಕಲಿಸುವಷ್ಟು ಈ ನೆಲದವರಾದರು. ಇದಕ್ಕಿಂತ ದೊಡ್ಡ ಸಾಧನೆಯನ್ನು ಈ ವೃತ್ತಿಯಲ್ಲಿ ನಾನು ಕಂಡಿಲ್ಲ.

“ಪುಣೆಯ ಜನ ಒರಟು”

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚುವ ಅಂಗಡಿ, ಗೇಟಿನ ಮೇಲೆ ಕಟುವಾಗಿ ಬರೆದ ‘ಪುಣೇರಿ ಪಾಟಿ’, ಇವೆರಡರಿಂದ ಹುಟ್ಟಿದ ಮಾತು ಇದು. ಪೇಟೆಗಳ ಹಳೆಯ ಕುಟುಂಬಗಳು ಸಮಯಕ್ಕೆ, ಸ್ಪಷ್ಟ ಮಾತಿಗೆ ಬೆಲೆ ಕೊಡುತ್ತವೆ. ಶಿಕ್ಷಕರಿಗಂತೂ ಇಲ್ಲಿ ಸಿಗುವ ಗೌರವ ದೊಡ್ಡದು. ‘ಸರ್’, ‘ಮ್ಯಾಡಮ್’ ಎಂದು ತಿಳಿದ ಮೇಲೆ ‘ಅಮೃತತುಲ್ಯ’ ಎಂಬ ಹೆಸರಿನ ಚಹಾದಂಗಡಿಯವನೂ ತನ್ನ ಮಗನ ಓದಿನ ಬಗ್ಗೆ ಸಲಹೆ ಕೇಳುತ್ತಾನೆ. ಇದನ್ನು ಇಲ್ಲಿಗೆ ಬಿಡೋಣ.

“ಪುಣೆಯ ಕನ್ನಡಿಗರೆಂದರೆ ಹೋಟೆಲಿನವರು, ಐ.ಟಿ.ಯವರು”

ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ ಹೋಟೆಲನ್ನು ಕಟ್ಟಿದವರು ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು. ಫರ್ಗ್ಯುಸನ್ನಿನ ಎಷ್ಟೋ ತಲೆಮಾರುಗಳು ಅಲ್ಲಿಯ ದೋಸೆ, ಫಿಲ್ಟರ್ ಕಾಫಿಯ ಮುಂದೆ ಬೆಳೆದಿವೆ. ಪುಣೆಯ ಕನ್ನಡ ಸಂಘ ‘ಕಾವೇರಿ’ ಹೆಸರಿನಲ್ಲಿ ಶಾಲಾ ಕಾಲೇಜುಗಳನ್ನು ನಡೆಸುತ್ತದೆ. ಹಿಂಜವಡಿಯ ಐ.ಟಿ. ಕಂಪನಿಗಳಲ್ಲಿ ಕನ್ನಡ ಕಿವಿಗೆ ಬೀಳದ ದಿನವಿಲ್ಲ. ಇವೆಲ್ಲ ಎಲ್ಲರಿಗೂ ಕಾಣುವ ಕನ್ನಡ.

ಕಾಣದ ಕನ್ನಡ ಕಟ್ಟಡಗಳ ಬುಡದಲ್ಲಿದೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ಕುಟುಂಬಗಳು ಪುಣೆಯ ಬಹುಮಹಡಿಗಳಿಗೆ ಕಲ್ಲು, ಸಿಮೆಂಟು ಹೊತ್ತಿವೆ. ಬೆಳಿಗ್ಗೆ ಮಜೂರ ಅಡ್ಡಾಗಳಲ್ಲಿ ನಿಂತು ಕೇಳಿದರೆ ಜವಾರಿ ಕನ್ನಡ, ಲಂಬಾಣಿ ಎರಡೂ ಕೇಳುತ್ತವೆ. ಅವರ ಮಕ್ಕಳಿಗೆ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ಮುಂದಿನ ಬದುಕಿಗೆ ಇಂಗ್ಲಿಷ್. ಕಟ್ಟಡ ಮುಗಿದರೆ ಮನೆ ಬದಲು, ಶಾಲೆಯೂ ಬದಲು. ‘ಡೋರ್ ಸ್ಟೆಪ್ ಸ್ಕೂಲ್’ ಎಂಬ ಸಂಸ್ಥೆ ಕಟ್ಟಡ ನಡೆಯುವ ಜಾಗದಲ್ಲೇ ತರಗತಿ ನಡೆಸಿ ಇಂಥ ಮಕ್ಕಳನ್ನು ಶಾಲೆಗೆ ಮುಟ್ಟಿಸುವ ಕೆಲಸ ಮಾಡುತ್ತಿದೆ. ಪುಣೆ ಮಹಾನಗರ ಪಾಲಿಕೆ ಮರಾಠಿ, ಉರ್ದು, ಇಂಗ್ಲಿಷ್ ಶಾಲೆಗಳ ಜೊತೆ ಕನ್ನಡ ಮಾಧ್ಯಮದ ಶಾಲೆಯನ್ನೂ ನಡೆಸಿಕೊಂಡು ಬಂದಿದೆ ಎಂಬುದು ಕರ್ನಾಟಕದಲ್ಲಿ ಎಷ್ಟು ಜನರಿಗೆ ಗೊತ್ತು?

ಕನ್ನಡ ಬಲ್ಲ ಇಂಗ್ಲಿಷ್ ಶಿಕ್ಷಕರಿಗೆ ಪುಣೆಯಲ್ಲಿ ನಿಜವಾಗಿ ತೆರೆದಿರುವ ಕೆಲಸ ಇಲ್ಲಿದೆ. “ಮೇಡಂರೀ, ನಮ್ಮ ಹುಡುಗಿಗೆ ಒಂದೀಟು ಇಂಗ್ಲೀಷ್ ಹೇಳಿಕೊಡ್ರಿ” ಎಂದು ತಲೆಗೆ ಸೆರಗು ಹೊದ್ದ ತಾಯಿ ಕೇಳಿದಾಗ ಆಕೆಗೆ ಆಕೆಯ ಮಾತಿನಲ್ಲೇ ಉತ್ತರ ಸಿಕ್ಕರೆ, ಆ ಮಗು ಮರುದಿನ ಬಂದೇ ಬರುತ್ತದೆ. ಸಂಬಳದ ಕೆಲಸದ ಜೊತೆ ವಾರಕ್ಕೊಂದು ತಾಸು ಇದಕ್ಕೆ ಕೊಡಿ ಎಂದು ಪುಣೆಗೆ ಬರುವ ಪ್ರತಿಯೊಬ್ಬ ಕನ್ನಡದ ಶಿಕ್ಷಕನಲ್ಲೂ ನಾನು ಕೇಳಿಕೊಳ್ಳುತ್ತೇನೆ.

“ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಬಿಡುವು”

ಎರಡು ದಿನದ ರಜೆ ಇರುವುದು ಐ.ಟಿ. ಕಂಪನಿಗಳಿಗೆ, ಕೆಲವು ಅಂತರರಾಷ್ಟ್ರೀಯ ಶಾಲೆಗಳಿಗೆ. ಹೆಚ್ಚಿನ ಕಾಲೇಜುಗಳಲ್ಲಿ ಶನಿವಾರವೂ ಪಾಠ, ಶಾಲೆಗಳಲ್ಲಿ ಅರ್ಧ ದಿನ. ಪೇಪರ್ ತಿದ್ದುವ ತಿಂಗಳಲ್ಲಿ ಭಾನುವಾರವೂ ಉಳಿಯುವುದಿಲ್ಲ. ಆದರೆ ಪಂಚಾಂಗ ಕೊಡುವ ರಜೆಗಳು ಬೇರೆ. ಗಣೇಶ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ. ಪಂಢರಪುರಕ್ಕೆ ನಡೆದು ಹೋಗುವ ಆಷಾಢ ವಾರಿಯಲ್ಲಿ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ ಒಂದೇ ದಿನ ಪುಣೆ ಮುಟ್ಟಿ ನಾನಾ ಪೇಠ, ಭವಾನಿ ಪೇಠಗಳಲ್ಲಿ ಎರಡು ರಾತ್ರಿ ತಂಗುತ್ತವೆ. ರಸ್ತೆಗಳು ಮುಚ್ಚುತ್ತವೆ, ತರಗತಿಗಳು ಖಾಲಿಯಾಗುತ್ತವೆ. ಹೊಸಬರು ಆಗ ಊರು ಬಿಟ್ಟು ರೆಸಾರ್ಟಿಗೆ ಹೋಗುತ್ತಾರೆ. ಅದರ ಬದಲು ದಿವೇ ಘಾಟಿನ ಏರಿನಲ್ಲಿ ಸಾಸವಡದ ಕಡೆಗೆ ವಾರಕರಿಗಳ ಜೊತೆ ಒಂದು ಬೆಳಿಗ್ಗೆ ನಡೆಯಬೇಕು. ಅದಕ್ಕೆ ಟಿಕೆಟ್ಟು, ಬುಕಿಂಗು ಬೇಡ. ತಾಳ, ಮೃದಂಗ ಹಿಡಿದ ರೈತರು ತಮ್ಮ ದಿಂಡಿಯೊಳಗೆ ಜಾಗ ಕೊಡುತ್ತಾರೆ, ಯಾವೂರು ಎಂದು ಕೇಳುತ್ತಾರೆ. ಪಂಢರಪುರದ ವಿಠ್ಠಲನನ್ನು ಜ್ಞಾನೇಶ್ವರರೇ ಅಭಂಗವೊಂದರಲ್ಲಿ ಕರ್ನಾಟಕದವನೆಂದು ಹಾಡಿದ್ದಾರೆ. ನಾನು ಕರ್ನಾಟಕದಿಂದ ಬಂದೆ ಎಂದಾಗ ವಾರಕರಿಗಳು ಅದನ್ನು ನೆನಪಿಸದೆ ಇರುವುದಿಲ್ಲ.

“ಮಳೆಗಾಲದ ಕೋಟೆ ಚಾರಣ ಅಂದರೆ ಸುಲಭದ ಪಿಕ್ನಿಕ್ಕು”

ಈ ತಪ್ಪು ಕಲ್ಪನೆ ಜೀವ ತೆಗೆಯುತ್ತದೆ. 2024ರ ಜೂನ್ 30ರಂದು ಲೋಣಾವಳಾದ ಭುಶಿ ಅಣೆಕಟ್ಟಿನ ಹತ್ತಿರ ನೀರಾಟಕ್ಕೆ ಇಳಿದ ಒಂದೇ ಕುಟುಂಬದ ಐವರು ಏಕಾಏಕಿ ಬಂದ ಪ್ರವಾಹದಲ್ಲಿ ಕೊಚ್ಚಿಹೋದರು. 2025ರ ಜೂನ್ 15ರಂದು, ಅದೂ ಭಾನುವಾರ, ತಳೇಗಾವ ಬಳಿಯ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ಪ್ರವಾಸಿಗರ ಭಾರಕ್ಕೆ ಕುಸಿದು ನಾಲ್ವರು ಸತ್ತರು. ಸಹ್ಯಾದ್ರಿಯ ಈ ಭಾಗದಲ್ಲಿ ಕಪ್ಪು ಬಸಾಲ್ಟ್ ಬಂಡೆ ಮಳೆಗೆ ಪಾಚಿಗಟ್ಟುತ್ತದೆ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಕೆಲವೇ ನಿಮಿಷಗಳಲ್ಲಿ ಹಳ್ಳ ತುಂಬಿಸುತ್ತದೆ. ಕೊಡಗು, ಚಿಕ್ಕಮಗಳೂರಿನಲ್ಲಿ ನಡೆದಾಡಿದ ಅನುಭವ ಇದ್ದರೂ ಈ ಬಂಡೆಯ ಸ್ವಭಾವ ಬೇರೆ. ಜಿಲ್ಲಾಡಳಿತ ಜೂನ್‌ನಿಂದ ಹೊರಡಿಸುವ ನಿಷೇಧಾಜ್ಞೆಗಳನ್ನು ಓದಿ ಹೊರಡಬೇಕು. ವಿದೇಶಿ ಸಹೋದ್ಯೋಗಿಗಳಿಗೆ ಆ ಆಜ್ಞೆ ಮರಾಠಿಯಲ್ಲಿ ಬರುವುದರಿಂದ ತಿಳಿಯುವುದಿಲ್ಲ. ತಿಳಿದವರು ಹೇಳಬೇಕು.

ಮೊದಲ ಕೋಟೆ ಸಿಂಹಗಡವೇ ಆಗಲಿ. ಊರಿನಿಂದ ಸುಮಾರು 30 ಕಿಲೋಮೀಟರ್, ಎತ್ತರ 1312 ಮೀಟರ್. ಅತಕರವಾಡಿಯಿಂದ ಕಾಲುದಾರಿ ಇದೆ. ಭಾನುವಾರ ಹೋದರೆ ಜನರ ತಲೆ ಮಾತ್ರ ಕಾಣುತ್ತದೆ, ವಾರದ ನಡುವೆ ರಜೆ ಸಿಕ್ಕ ಬೆಳಿಗ್ಗೆ ಹೋಗಬೇಕು. 1670ರಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಜೀವ ಕೊಟ್ಟು ಗೆದ್ದ ಜಾಗ ಅದು. ಮೇಲೆ ಹಳ್ಳಿಯ ಹೆಂಗಸರು ಪಿಠಲ, ಭಾಕರಿ, ಮಡಕೆಯ ಮೊಸರು ಕೊಡುತ್ತಾರೆ. ಪಿಠಲವೆಂದರೆ ನಮ್ಮ ಝುಣಕದ ತೆಳ್ಳಗಿನ ರೂಪ, ಭಾಕರಿಯೆಂದರೆ ರೊಟ್ಟಿ. ಉತ್ತರ ಕರ್ನಾಟಕದವರಿಗೆ ಊರೂಟ. ಕಾಲು ಗಟ್ಟಿಯಾದ ಮೇಲೆ ರಾಜಗಡ, ತೋರಣಾ. ರಾಜಗಡ, ಲೋಹಗಡ ಎರಡೂ 2025ರ ಜುಲೈನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮರಾಠಾ ಕೋಟೆಗಳ ಪೈಕಿ ಇವೆ.

“ಸುತ್ತಮುತ್ತ ಎಲ್ಲ ಮರಾಠರ ಇತಿಹಾಸ, ಕನ್ನಡಿಗರಿಗೆ ಅದರಲ್ಲೇನಿದೆ”

ಪುಣೆಯಿಂದ ಲೋಣಾವಳಾ ಲೋಕಲ್ ರೈಲು ಹಿಡಿದು ಮಳವಲಿಯಲ್ಲಿ ಇಳಿಯಿರಿ. ಒಂದು ಕಡೆ ಭಾಜೆ ಗುಹೆಗಳು, ಇನ್ನೊಂದು ಕಡೆ ಕಾರ್ಲೆ. ಕಾರ್ಲೆಯ ಚೈತ್ಯ ಭಾರತದ ಬಂಡೆಯಲ್ಲಿ ಕೊರೆದ ಚೈತ್ಯಗಳಲ್ಲೆಲ್ಲ ದೊಡ್ಡದು, ಒಳಗೆ ಸುಮಾರು 38 ಮೀಟರ್ ಉದ್ದ. ಕಮಾನಿನ ಚಾವಣಿಗೆ ಕೂರಿಸಿದ ಮರದ ತೊಲೆಗಳು ಎರಡು ಸಾವಿರ ವರ್ಷಗಳಿಂದ ಅಲ್ಲೇ ಇವೆ. ಬ್ರಾಹ್ಮಿ ಶಾಸನವೊಂದು ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶೆಟ್ಟಿ ಭೂತಪಾಲ ಎನ್ನುತ್ತದೆ, ಇದು ಜಂಬೂದ್ವೀಪದಲ್ಲೇ ಉತ್ತಮವಾದದ್ದು ಎಂದೂ ಹೇಳಿಕೊಳ್ಳುತ್ತದೆ. ವೈಜಯಂತಿಯನ್ನು ವಿದ್ವಾಂಸರು ನಮ್ಮ ಬನವಾಸಿ ಎಂದು ಗುರುತಿಸುತ್ತಾರೆ. ಅದೇ ಚೈತ್ಯದ ಕಂಬಗಳ ಮೇಲೆ ಯವನರ, ಅಂದರೆ ಗ್ರೀಕ್ ಮೂಲದವರೆಂದು ಕರೆಸಿಕೊಂಡ ವಿದೇಶಿಯರ ದಾನವೂ ಕೆತ್ತಿದೆ. ಬನವಾಸಿಯ ವರ್ತಕ, ಯವನ ದಾನಿ, ಈ ನೆಲದ ಭಿಕ್ಷುಗಳು ಒಂದೇ ಗುಹೆಗೆ ಹಣ ಕೊಟ್ಟಿದ್ದಾರೆ. ವಿದೇಶಿ ಗೆಳೆಯರನ್ನು ಪುಣೆಯಿಂದ ಒಂದೇ ಒಂದು ಕಡೆಗೆ ಕರೆದೊಯ್ಯುವುದಿದ್ದರೆ ನಾನು ಕರೆದೊಯ್ಯುವುದು ಇಲ್ಲಿಗೆ. ಗುಹೆಯ ಬಾಗಿಲಲ್ಲೇ ಏಕವೀರಾ ದೇವಿಯ ಗುಡಿ ಇದೆ. ಕೊಂಕಣದ ಕೋಳಿ ಜನರ ಕುಲದೇವತೆಯಾದ್ದರಿಂದ ಚೈತ್ರದ ಜಾತ್ರೆಯ ದಿನಗಳಲ್ಲಿ ಮೆಟ್ಟಿಲು ಹತ್ತುವುದು ಕಷ್ಟ.

ಪುಣೆಯಿಂದ ಇನ್ನೊಂದು ದಿಕ್ಕಿಗೆ, ಸುಮಾರು 50 ಕಿಲೋಮೀಟರ್ ದೂರದಲ್ಲಿ, ಜೇಜುರಿ. ಅಲ್ಲಿಯ ಖಂಡೋಬಾ ನಮ್ಮ ಮೈಲಾರಲಿಂಗನೇ. ಹೂವಿನಹಡಗಲಿಯ ಮೈಲಾರಕ್ಕೆ ಹೋದವರಿಗೆ ಇಲ್ಲಿ ಹಾರುವ ಭಂಡಾರದ ಅರಿಸಿನ ಗುರುತು ಹತ್ತುತ್ತದೆ. ಸೋಮವತಿ ಅಮಾವಾಸ್ಯೆಗೆ ಹೋದರೆ ಬಟ್ಟೆ ಹಳದಿಯಾಗದೆ ಹಿಂದಿರುಗಲಾಗದು.

ಮೂರನೆಯದು ಪ್ರವಾಸದ ಪುಸ್ತಕಗಳಲ್ಲಿ ಸಿಗುವುದಿಲ್ಲ. ಪುಣೆಯಿಂದ ದೌಂಡ ಕಡೆಗೆ ಹೋಗುವ ರೈಲು ಕೇಡಗಾವದಲ್ಲಿ ನಿಲ್ಲುತ್ತದೆ. ಪಂಡಿತಾ ರಮಾಬಾಯಿ ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ತಂದು ಸಾಕಿ, ಓದಿಸಿ, ಕಸುಬು ಕಲಿಸಿದ ಮುಕ್ತಿ ಸದನ ಅಲ್ಲಿದೆ. ಆಕೆ ತೀರಿಕೊಂಡದ್ದೂ ಅಲ್ಲಿಯೇ, 1922ರಲ್ಲಿ. ಅದು ಇಂದಿಗೂ ಹೆಂಗಸರು, ಮಕ್ಕಳು ವಾಸಿಸುವ ಜಾಗ. ಹೋಗುವ ಮುನ್ನ ಸಂಸ್ಥೆಯವರ ಒಪ್ಪಿಗೆ ಕೇಳಬೇಕು, ಮಕ್ಕಳ ಫೋಟೊ ತೆಗೆಯಬಾರದು.